ಸಾರಿನಲ್ಲಿ ಮಾತ್ರೆ ಬೆರೆಸಬೇಡಿ

"ಯಜಮಾನರಿಗೆ ಗೊತ್ತಾಗದ ಹಾಗೆ ಸಾರಿನಲ್ಲೋ ಕಾಫಿಯಲ್ಲೋ ಬೆರೆಸಿ ಕೊಟ್ಟರೆ ಕುಡಿತ ಬಿಡಿಸುವ ಮಾತ್ರೆ ಇದೆಯಂತೆ, ಹೌದೇ?" ಎಂದು ಗುಟ್ಟಾಗಿ ಕೇಳುವ ಸೋದರಿಯರು ಬಹಳ. ಮಾತ್ರೆ ಇರುವುದೇನೋ ನಿಜ. ಹೆಸರು ಡೈಸಲ್ಫಿರಾಮ್. ಮೊದಲು ರಬ್ಬರ್ ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ವಸ್ತು. 1940ರ ದಶಕದಲ್ಲಿ ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕೋಬ್ಸೆನ್ ಎಂಬುವರು ಜಂತುಹುಳುವಿನ ಔಷಧಿಯಾದೀತೇ ಎಂದು ತಾವೇ ನುಂಗಿ ನೋಡಿದರು. ಆಮೇಲೆ ಮದ್ಯ ಮುಟ್ಟಿದರೆ ಮೈಯೆಲ್ಲ ಕೆಟ್ಟಿತು. ಹಾಗೆ ಅದು ಕುಡಿತ ಬಿಡಿಸುವ ಔಷಧಿಯಾಯ್ತು.

ಮದ್ಯ ಲಿವರ್‌ನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಆಮೇಲೆ ಕರಗಿ ಹೋಗುತ್ತೆ. ಈ ಮಾತ್ರೆ ಕರಗಲು ಬಿಡೋಲ್ಲ. ಮುಖ ಕೆಂಪಾಗಿ, ವಾಂತಿ, ಎದೆಬಡಿತ ಶುರುವಾಗುತ್ತೆ. ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬಂದೀತು. ಆದ್ದರಿಂದಲೇ ವೈದ್ಯರು ಪರೀಕ್ಷೆ ಮಾಡಿ, ಕುಡಿಯುವವರ ಒಪ್ಪಿಗೆ ಪಡೆದೇ ಕೊಡಬೇಕು. ಗೊತ್ತಿಲ್ಲದವರು ಎಂದಿನಂತೆ ಕುಡಿದೇ ಕುಡಿಯುತ್ತಾರಲ್ಲ! ಇನ್ನು ಹೆಸರಿಲ್ಲದ ಪೊಟ್ಟಣದ ಪುಡಿಯಲ್ಲಿ ಏನಿದೆಯೋ, ದೇವರೇ ಬಲ್ಲ.

ಬಾಟಲಿ ಬಚ್ಚಿಟ್ಟು ಒಮ್ಮೆಲೇ ನಿಲ್ಲಿಸುವುದೂ ಅಪಾಯವೇ. ದಿನವೂ ವಿಪರೀತ ಕುಡಿಯುವವರಿಗೆ ಎರಡು ಮೂರು ದಿನದೊಳಗೆ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹಾಗಾದರೆ ಏನು ಮಾಡೋದು? ಅಮಲು ಇಳಿದಿರುವ ಬೆಳಗಿನ ಹೊತ್ತು ಮೆಲ್ಲಗೆ ಮಾತು ತೆಗೆಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಚಿಕಿತ್ಸೆ ಇದೆ. ಅವರು ಒಪ್ಪದಿದ್ದರೂ, ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಕೂಟಗಳಿವೆ, ನೀವೊಬ್ಬರೇ ಹೋಗಬಹುದು. ಅನ್ನ ಇಕ್ಕುವ ಕೈಯಿಂದ ಕಳ್ಳಮದ್ದು ಮಾತ್ರ ಬೇಡ, ಸೋದರಿ.