ಹಳೆಯ ವಾಹನ, ಕಳವಿನ ಬಿಡಿಭಾಗ: ಕೊಂಡವರಿಗೆ ಕಾನೂನಿನ ಆಸರೆ ಎಷ್ಟು?

ಹೊಸ ವಾಹನಕ್ಕೆ ಬಂಡವಾಳ ಹೊಂದಿಸಲಾಗದ ಸಣ್ಣ ಉದ್ಯಮಿಗೆ ಹಳೆಯ ಟೆಂಪೊ ಸಹಜ ಆಯ್ಕೆ. ನೋಂದಣಿ ಪತ್ರ ಸರಿಯಿದೆ, ವಿಮೆ ಚಾಲ್ತಿಯಲ್ಲಿದೆ, ಬೆಲೆಯೂ ಕೈಗೆಟುಕುವಂತಿದೆ ಎಂಬಷ್ಟರಲ್ಲಿ ವ್ಯವಹಾರ ಮುಗಿಯುತ್ತದೆ. ಕೆಲವು ತಿಂಗಳ ತರುವಾಯ ರಿಪೇರಿಗೆ ಬಿಟ್ಟಾಗ, ಎಂಜಿನ್ ಸಂಖ್ಯೆಯನ್ನು ಉಜ್ಜಿ ಬೇರೊಂದನ್ನು ಕೊರೆದಿರುವುದು ಮೆಕ್ಯಾನಿಕ್‌ನ ಕಣ್ಣಿಗೆ ಬೀಳುತ್ತದೆ. ಆಗ ಏಳುವ ಪ್ರಶ್ನೆಗಳು ಎರಡು: ಕೊಟ್ಟ ಹಣ ಮರಳುವುದೇ? ಕೊಂಡವರೇ ಆರೋಪಿಯಾಗುವರೇ?

ಎರಡನೆಯ ಪ್ರಶ್ನೆಯೇ ಹೆಚ್ಚು ತುರ್ತಿನದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನ ಪ್ರಕಾರ, ಕಳವಿನ ಮಾಲೆಂದು ತಿಳಿದು ಅಥವಾ ಹಾಗೆ ನಂಬಲು ಕಾರಣವಿದ್ದು ಅಪ್ರಾಮಾಣಿಕವಾಗಿ ಪಡೆಯುವುದು ಮಾತ್ರವಲ್ಲ, ಇರಿಸಿಕೊಳ್ಳುವುದೂ ಅಪರಾಧ. ಶಿಕ್ಷೆ ಮೂರು ವರ್ಷಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ. ಕೊಳ್ಳುವಾಗ ನಿರ್ದೋಷಿಯಾಗಿದ್ದವರೂ ಸಂಶಯ ಮೂಡಿದ ಮೇಲೆ ಸುಮ್ಮನಿದ್ದರೆ ಅಥವಾ ವಾಹನವನ್ನು ಮತ್ತೊಬ್ಬರಿಗೆ ದಾಟಿಸಿದರೆ ತಾವೇ ಸಂಶಯಕ್ಕೆ ಗುರಿಯಾಗುತ್ತಾರೆ. ಠಾಣೆಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯುವುದೇ ಮೊದಲ ರಕ್ಷಣೆ. ವಾಹನ ಜಪ್ತಿಯಾದೀತೆಂಬ ಅಂಜಿಕೆ ಸಹಜ. ಆದರೆ ಜಪ್ತಿಯಾದ ವಾಹನಗಳನ್ನು ಠಾಣೆಯಲ್ಲಿ ದೀರ್ಘಕಾಲ ಇರಿಸುವುದರಿಂದ ಪ್ರಯೋಜನವಿಲ್ಲವೆಂದು ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2002ರಲ್ಲಿಯೇ ಹೇಳಿದೆ. ಮುಚ್ಚಳಿಕೆ ಬರೆದುಕೊಟ್ಟು ಮಧ್ಯಂತರ ಸುಪರ್ದಿಗೆ ಕೊಡುವಂತೆ ಮ್ಯಾಜಿಸ್ಟ್ರೇಟರನ್ನು ಕೋರಬಹುದು.

ಹಣದ ವಿಷಯಕ್ಕೆ 1930ರ ಸರಕು ಮಾರಾಟ ಕಾಯಿದೆಯೇ ಮುಖ್ಯ ಆಧಾರ. ಮಾರಿದವನಿಗೆ ಇಲ್ಲದ ಒಡೆತನ ಸಾಮಾನ್ಯವಾಗಿ ಕೊಂಡವನಿಗೂ ಬಾರದು ಎಂಬುದು ಅದರ 27ನೇ ಕಲಮಿನ ಸಾರ. ಮಾರುವ ಹಕ್ಕು ತನಗುಂಟೆಂದೂ ಕೊಂಡವರ ಅನುಭೋಗಕ್ಕೆ ಅಡ್ಡಿ ಬಾರದೆಂದೂ ಮಾರಾಟಗಾರ ಭರವಸೆ ಕೊಟ್ಟಂತೆ ಎಂದು 14ನೇ ಕಲಮು ಭಾವಿಸುತ್ತದೆ. ಎಂಜಿನ್ ಕಳವಿನದೆಂದು ಹೋದರೆ ಆ ಭರವಸೆ ಮುರಿದಂತೆಯೇ. ವಾಹನ ಸ್ವೀಕರಿಸಿ ಬಳಸಿದ ಮೇಲೆ ಅದನ್ನು ಹಿಂದಿರುಗಿಸುವ ಹಕ್ಕು ಕುಗ್ಗಬಹುದಾದರೂ ನಷ್ಟಪರಿಹಾರದ ಹಕ್ಕು ಉಳಿಯುತ್ತದೆ. ಮಾರಾಟಗಾರ ತಿಳಿದೇ ವಂಚಿಸಿದ್ದರೆ ಕಾಲಮಿತಿಯ ಎಣಿಕೆ ವಂಚನೆ ಬೆಳಕಿಗೆ ಬಂದ ದಿನದಿಂದ ಆರಂಭವಾಗುತ್ತದೆ.

ಗ್ರಾಹಕರ ಆಯೋಗವೇ ಸುಲಭ ಮಾರ್ಗವೆಂದು ಅನೇಕ ವರ್ತಕರು ನಂಬಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕರೆಂದು ಪರಿಗಣಿಸುವುದಿಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ಕೊಂಡವರಿಗೆ ಮಾತ್ರ ವಿನಾಯಿತಿ ಇದೆ. ಸ್ವಂತ ಟೆಂಪೊ ಓಡಿಸಿ ಬದುಕುವವರಿಗೆ ತೆರೆದ ಬಾಗಿಲು ಕಾರ್ಖಾನೆಯ ಮಾಲೀಕರಿಗೆ ಮುಚ್ಚಿರಬಹುದು. ಅವರಿಗೆ ಸಿವಿಲ್ ನ್ಯಾಯಾಲಯವೇ ಗತಿ.

ಹೀಗೆ ಕಾನೂನಿನಲ್ಲಿ ಆಸರೆ ಉಂಟು. ಕೊರತೆ ಇರುವುದು ವರ್ತಕರ ರೂಢಿಯಲ್ಲಿ. ನಗದು ಕೊಟ್ಟು, ರಸೀದಿಯಿಲ್ಲದೆ, ಬೆಲೆ ಕಡಿಮೆ ಬರೆಸಿ ಕೊಂಡವರು ನ್ಯಾಯಾಲಯದಲ್ಲಿ ಏನನ್ನು ರುಜುವಾತುಪಡಿಸಬಲ್ಲರು? ಕಾಗದದಲ್ಲಿ ಐವತ್ತು ಸಾವಿರವೆಂದು ಬರೆಸಿ ಎರಡು ಲಕ್ಷ ತೆತ್ತವರು ಉಳಿದ ಒಂದೂವರೆ ಲಕ್ಷಕ್ಕೆ ಸಾಕ್ಷಿ ಹುಡುಕಬೇಕಾಗುತ್ತದೆ. ‘ಇದ್ದ ಸ್ಥಿತಿಯಲ್ಲೇ ಮಾರಾಟ’ ಎಂಬ ಷರತ್ತಿಗೆ ಓದದೆ ಸಹಿ ಹಾಕುವುದೂ ಅಪಾಯಕರ. ಕಾಯಿದೆ ಊಹಿಸುವ ಭರವಸೆಗಳನ್ನು ಸ್ಪಷ್ಟ ಒಪ್ಪಂದದಿಂದ ತೆಗೆದುಹಾಕಲು 62ನೇ ಕಲಮು ಅವಕಾಶ ಕೊಡುತ್ತದೆ.

ಹಳೆಯ ವಾಹನಗಳ ವ್ಯಾಪಾರಿಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆಯುವ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅಂತಹವರಿಂದಲೇ ಕೊಳ್ಳುವುದು, ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ನೋಂದಣಿ ಪತ್ರದೊಡನೆ ತಾಳೆ ನೋಡುವುದು, ಆ ಸಂಖ್ಯೆಗಳನ್ನೂ ಪೂರ್ಣ ಬೆಲೆಯನ್ನೂ ನಷ್ಟಭರ್ತಿಯ ಷರತ್ತನ್ನೂ ಮಾರಾಟ ಪತ್ರದಲ್ಲಿ ಬರೆಸುವುದು, ಹಣವನ್ನು ಬ್ಯಾಂಕಿನ ಮೂಲಕ ಪಾವತಿಸುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ಗೇರ್‌ಬಾಕ್ಸ್, ಬಾಗಿಲುಗಳಂತಹ ಭಾಗಗಳ ಮೂಲವನ್ನು ಪತ್ತೆಹಚ್ಚುವುದು ಕಷ್ಟವಾದ್ದರಿಂದ ಅವುಗಳಿಗೆ ಬಿಲ್ಲೇ ಏಕೈಕ ಗುರುತು. ವಾಣಿಜ್ಯ ಸಂಘಗಳು ಇಂತಹ ಮಾರಾಟ ಪತ್ರದ ಮಾದರಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಹಂಚುವುದು ಉಚಿತ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕಿಂತ ಕೊಳ್ಳುವ ದಿನ ಒಂದು ಹಾಳೆ ಬರೆಸಿಕೊಳ್ಳುವುದು ಲೇಸು.