ರೇಟಿನ ಪುಸ್ತಕಾ ಮತ್ತ ಜಗಲಿ ಮ್ಯಾಲಿನ ರೂಪಾಯಿ

ದೀಪಾವಳಿ ಲಕ್ಷ್ಮೀಪೂಜಿ ಮುಗೀತು ಅಂದ್ರ ನಮ್ಮ ಶಹಾಪುರದ ಗಲ್ಲಿಯೊಳಗ ಇನ್ನೊಂದು ಪೂಜಿ ಚಾಲೂ ಆಗತೈತಿ. ಜಗಲಿ ಮ್ಯಾಲಿನ ರಾಣಿಛಾಪ ರೂಪಾಯಿ ತಗೀಯೂದು, ಮಗನ್ನೋ ಮೊಮ್ಮಗನ್ನೋ ಕರಿಯೂದು, ನಾಣ್ಯದ ರೇಟಿನ ಪುಸ್ತಕಾ ಬಿಚ್ಚಿಸೂದು. "ಇದಕ್ಕೆಷ್ಟ ಬರದಾರ ನೋಡೋ?" ಅವ ಒಂದು ಆಕಡಾ ಓದತಾನ. ಅವತ್ತಿಂದ ಆ ಮನಿಯೊಳಗ ಆ ರೂಪಾಯಿಗೆ ಅದ ಕಿಮ್ಮತ್ತು. ಯಾರ ಏನ ಹೇಳಿದ್ರೂ ಕೇಳಂಗಿಲ್ಲ, ಛಾಪಿಸಿದ್ದು ಸುಳ್ಳ ಹೆಂಗ ಆದೀತು ಅಂತಾರ.

ಅಕ್ಕಾರ, ವೈನಿಗೋಳ, ನಾ ಇವತ್ತ ಆ ಪುಸ್ತಕದ ವಿರುದ್ಧನ ಬರಿಯಾಕತ್ತೇನಿ. ಯಾರರ ಸಿಟ್ಟಾದ್ರ ಆಗ್ರಿ.

ಮೊದಲ ನಮ್ಮ ಮನೀದ ಹೇಳತೇನಿ. ನಮ್ಮ ಅತ್ತಿ ತೀರಿಕೊಂಡ ಮ್ಯಾಲೆ ಅವರ ಡಬ್ಬಿ ಬಿಚ್ಚಿದ್ವಿ. ಹದಿನಾಲ್ಕು ಬೆಳ್ಳಿ ರೂಪಾಯಿ, ಒಂದು ಮುಷ್ಟಿ ತೂತಿನ ದುಡ್ಡು, ಕಮಲದ ಹೂವಿನ ಹಿತ್ತಾಳಿ ಬಣ್ಣದ 20 ಪೈಸಾ, ಮತ್ತ ಒಂದಿಷ್ಟು ಪಾವಲಿ. ದೊಡ್ಡ ನಾದಿನಿ ಮಗಾ ಪುಸ್ತಕಾ ತಂದಿದ್ದ. ಒಂದು ರೂಪಾಯಿ ಮ್ಯಾಲೆ 1911 ಇತ್ತು. ಆ ವರ್ಷದ ಜಾರ್ಜ್ ರಾಜಾನ ರೂಪಾಯಿಗೆ ಹಂದಿ ರೂಪಾಯಿ ಅಂತಾರ. ರಾಜಾನ ಅಂಗಿ ಮ್ಯಾಲಿನ ಆನಿ ಸಣ್ಣದಾಗಿ ಹಂದಿ ಕಂಡಂಗ ಕಂಡು ಮಂದಿ ಗಲಾಟಿ ಮಾಡಿದ್ರು, ಸರಕಾರ ಚಲಾವಣಿ ನಿಲ್ಲಿಸಿ ಭಾಳಷ್ಟು ಕರಗಿಸಿ, 1912ಕ್ಕ ಆನಿ ಚಿತ್ರಾ ತಿದ್ದಿತು. ಹಿಂಗಾಗಿ ಪುಸ್ತಕದಾಗ ಅದಕ್ಕ ದೊಡ್ಡ ಆಕಡಾ ಇತ್ತು. ಸಣ್ಣ ನಾದಿನಿಗೆ ಆ ಒಂದ ರೂಪಾಯಿ ಕೊಟ್ಟು, ಉಳಿದ ಬೆಳ್ಳಿ ರೂಪಾಯಿ, ಒಂದು ಬೆಳ್ಳಿ ತಂಬಿಗಿ ಉಳಿದವ್ರು ಹಂಚಿಕೊಂಡ್ವಿ. ಸಮಾ ಆತು ಅಂದ್ವಿ. ನಾನೂ ಅಂದ್ಯಾ.

ಆಕಿ ಒಂದು ವರ್ಷ ಬಿಟ್ಟು ಮಾರಾಕ ಹೋದ್ಳು. ಅಂಗಡಿಯಾಂವ ಭೂತಗನ್ನಡಿ ಹಿಡದು ನೋಡಿ ಎರಡ ಮಾತ ಹೇಳಿದ. ಒಂದು, ಮ್ಯಾಲ ಅಂಚಿಗೆ ಬೆಸಿಗಿ ಗುರ್ತು ಐತಿ. ಯಾವಾಗೋ ಕೂಸಿನ ಕೊರಳಿಗೆ ಹಾಕಾಕ ಕೊಂಡಿ ಹಚ್ಚಿ, ಮುಂದ ತಗದಾರ. ಎರಡನೇದು, ತಿಕ್ಕಿ ತಿಕ್ಕಿ ರಾಜಾನ ಗಡ್ಡ ಸವದೈತಿ. ಪುಸ್ತಕದ ರೇಟು ಟಂಕಸಾಲಿಯಿಂದ ಬಂದಂಗ ಇರೂ ನಾಣ್ಯಕ್ಕ, ಇದಕ್ಕ ಬೆಳ್ಳಿ ತೂಕದ ರೊಕ್ಕ ಕೊಡತೇನಿ, ಅಂದ.

ತಿಕ್ಕಿದವರು ಯಾರು? ನಾನ. ಇಪ್ಪತ್ತೆಂಟು ವರ್ಷ, ಪ್ರತಿ ದೀಪಾವಳಿಗೆ, ಹುಣಸಿಹಣ್ಣು, ಬೂದಿ, ಮುಂದ ಪೀತಾಂಬರಿ ಪುಡಿ. ಬೆಳ್ಳಗ ಹೊಳೀಲಿ ಅಂತ ತಿಕ್ಕಿದ್ದು. ಹಳೇ ನಾಣ್ಯದ ಮ್ಯಾಲಿನ ಕರಿ ಬಣ್ಣ ತಗದ್ರ ಸಂಗ್ರಹ ಮಾಡೋರು ಕಿಮ್ಮತ್ತು ಇಳಸತಾರ ಅನ್ನೂದು ನಮಗ್ಯಾರು ಹೇಳಿದ್ರು?

ಪುಸ್ತಕದಾಗ ಒಂದೊಂದು ನಾಣ್ಯಕ್ಕ ಮೂರು-ನಾಕು ರೇಟು ಇರತಾವು, ಸವದಿದ್ದಕ್ಕ ಒಂದು, ಬಳಸದ ಇದ್ದಿದ್ದಕ್ಕ ಒಂದು. ನಮ್ಮ ಹುಡುಗರ ಕಣ್ಣು ಸೀದಾ ಕಡೀ ಸಾಲಿಗೆ ಹೋಗತೈತಿ. ಮತ್ತ ಆ ರೇಟು ವ್ಯಾಪಾರಿ ಮಾರೂ ರೇಟು, ನಮ್ಮಿಂದ ಕೊಳ್ಳೂ ರೇಟಲ್ಲ. ನೀವ ಹೇಳ್ರಿ, ಸೀರಿ ಚೀಟಿ ಮ್ಯಾಲೆ ಬರದ ರೇಟಿಗೆ ಉಟ್ಟ ಸೀರಿ ವಾಪಸ್ ಮಾರತೀರೇನು? ಪುಸ್ತಕಾ ಛಾಪಿಸಿ ಬರೂದ್ರೊಳಗ ಬೆಳ್ಳಿ ರೇಟು ಎಷ್ಟ ಸಲ ಏರಿ ಇಳದಿರತೈತೋ, ಸರಾಫ ಗಲ್ಲಿಯೊಳಗ ಕೇಳ್ರಿ.

ಹಂಗಂತ ಪುಸ್ತಕಾ ಒಲಿಗೆ ಹಾಕ್ರಿ ಅನ್ನಂಗಿಲ್ಲ. ಗುರ್ತು ಹಿಡಿಯಾಕ ಅದು ಚೊಲೋ. ಇಸ್ವಿ ಕೆಳಗ ವಜ್ರದಂಥಾ ಗುರ್ತಿದ್ರ ಮುಂಬೈ, ಐದ ಮೂಲಿ ಚುಕ್ಕಿ ಇದ್ರ ಹೈದರಾಬಾದ, ದುಂಡಗಿನ ಬಿಂದು ಇದ್ರ ನೋಯ್ಡಾ, ಏನೂ ಇರಲಿಲ್ಲಂದ್ರ ಕೋಲ್ಕತ್ತಾ. ರಾಣಿ ಹೆಸರಿನ ಮುಂದ ಕ್ವೀನ್ ಇದ್ರ 1877ರ ಮೊದಲಿನ ತರಹದ್ದು, ಎಂಪ್ರೆಸ್ ಇದ್ರ ಆಮ್ಯಾಲಿನದು. 1862 ಅಂತ ಬರದ ರೂಪಾಯಿ ಅಂತೂ ಮುಂದ ಹತ್ತ ವರ್ಷದ ಮ್ಯಾಲೂ ಅದ ಇಸ್ವಿ ಹಾಕಿ ಹೊಡದಾರ, "ನೂರಾ ಅರವತ್ತ ವರ್ಷದ್ದು" ಅಂತ ಕುಣಿಯಾಕ ಹೋಗಬ್ಯಾಡ್ರಿ.

ಬಾಕಿ ಲೆಕ್ಕ ನಮ್ಮ ತಕ್ಕಡಿಗೇ ಬರತೈತಿ. ಹಳೇ ರೂಪಾಯಿ ಒಂದು ತೊಲಿ, ಅಂದ್ರ 11.66 ಗ್ರಾಂ, ಅದರಾಗ ನೂರಕ್ಕ 91.7 ಬೆಳ್ಳಿ. ಹತ್ತು ರೂಪಾಯಿಯೊಳಗ 107 ಗ್ರಾಂ ಹತ್ರ ಶುದ್ಧ ಬೆಳ್ಳಿ. 1940ರಿಂದ 1945ರ ತನಕಾ ಹೊಡದದ್ರೊಳಗ ಅರ್ಧ ಅಷ್ಟ ಬೆಳ್ಳಿ, 1947ರ ಹುಲಿ ಚಿತ್ರದ ರೂಪಾಯಿ ಬರೇ ನಿಕ್ಕಲ್. ಇಷ್ಟು ಗೊತ್ತಿದ್ರ ಯಾರೂ ನಿಮ್ಮನ್ನ ಬೆಳ್ಳಿಯೊಳಗ ಮೋಸ ಮಾಡಂಗಿಲ್ಲ.

ಇನ್ನ ಪುಸ್ತಕದ ಪಾನಿನ ಫೋಟೋ ತಗದು ವಾಟ್ಸಾಪಿನ್ಯಾಗ ಹಾಕೂ ಮಂದಿ! "ವೈಷ್ಣೋದೇವಿ ಐದ ರೂಪಾಯಿ ಇದ್ರ ಲಕ್ಷಾಂತರ ರೊಕ್ಕ, ಮೊದಲ ಇಷ್ಟ ಕಮಿಷನ್ ಹಾಕ್ರಿ" ಅಂತ ಫೋನ್ ಬಂದ್ರ ಇಟ್ಟಬಿಡ್ರಿ. ರಿಸರ್ವ್ ಬ್ಯಾಂಕು 2021ರ ಆಗಸ್ಟಿನ್ಯಾಗ ಖುದ್ದ ಹೇಳೈತಿ, ಹಳೇ ನಾಣ್ಯಾ-ನೋಟಿನ ವ್ಯವಹಾರ ತಾನು ಮಾಡಂಗಿಲ್ಲ, ಅದಕ್ಕ ಕಮಿಷನ್ ಕೇಳಂಗಿಲ್ಲ ಅಂತ.

ಹಂಚಿಕಿ ಮಾಡೂದಿದ್ರ ತೂಕಾ ಮಾಡಿ ಹಂಚ್ರಿ. ವಿಶೇಷ ನಾಣ್ಯಾ ಅನ್ನಿಸಿದ್ರ ಅದನ್ನ ಎರಡು-ಮೂರು ಕಡೆ ಖರೇನ ತೋರಿಸಿ, ಕೈಯಾಗ ರೊಕ್ಕ ಬರೂ ರೇಟು ಕೇಳಿ, ಆಮ್ಯಾಲೆ ಯಾರ ಪಾಲಿಗೆ ಅಂತ ಮಾತಾಡ್ರಿ.

ಸಣ್ಣ ನಾದಿನಿ ಎರಡ ವರ್ಷ ನಮ್ಮನಿ ಮೆಟ್ಟಲಾ ಹತ್ತಲಿಲ್ಲ. ಹೋದ ಪಂಚಮಿಗೆ ನಾ ನನ್ನ ಪಾಲಿನ ರೂಪಾಯಿಯೊಳಗ ಎರಡು ಒಂದ ಅರಿವ್ಯಾಗ ಕಟ್ಟಿಕೊಂಡು ಆಕಿ ಮನಿಗೆ ಹೋದ್ಯಾ. ಆಕಿ ಉಂಡಿ ಕೊಟ್ಳು, ಗಂಟು ಇಸ್ಕೊಳ್ಳಲಿಲ್ಲ. ಅದು ಇನ್ನೂ ನನ್ನ ಹತ್ರನ ಐತಿ. ಈ ಸಲ ತಿಕ್ಕಿಲ್ಲ.