ತೋರುಬೆರಳಿಗೆ ಶೇ. 14

ಪೀಣ್ಯದ ಬಂಧುಗಳೇ,

ನಮ್ಮಲ್ಲಿ ಕೆಲವರ ಕೈ ನೋಡಿದರೆ ಸಾಕು, ಪ್ರೆಸ್ ಶಾಪಿನಲ್ಲಿ ದುಡಿದವರೆಂದು ಗೊತ್ತಾಗುತ್ತದೆ. ಹೋದ ಬೆರಳಿಗೂ ಕಾನೂನು ಲೆಕ್ಕ ಇಟ್ಟಿದೆ. 1923ರ ಪರಿಹಾರ ಕಾಯ್ದೆಯ ಪಟ್ಟಿ ತೆಗೆದು ನೋಡಿ: ತೋರುಬೆರಳು ಪೂರ್ತಿ ಹೋದರೆ ಶೇ. 14, ನಡುಬೆರಳಿಗೆ ಶೇ. 12, ಕಿರುಬೆರಳಿಗೆ ಶೇ. 7. ಯಾವುದರಲ್ಲಿ ಶೇಕಡಾ? ದುಡಿದು ಗಳಿಸುವ ಶಕ್ತಿಯಲ್ಲಿ. ಅದೇ ಬೆರಳಿಂದ ಅನ್ನ ಕಲಸುತ್ತಿದ್ದದ್ದು, ಮಗಳಿಗೆ ಜಡೆ ಹಾಕುತ್ತಿದ್ದದ್ದು ಪಟ್ಟಿಯಲ್ಲಿಲ್ಲ. ಬರೆದವರು ಕಟುಕರೇನಲ್ಲ, ಪರಿಹಾರ ಕೊಡಲು ಏನಾದರೊಂದು ಅಳತೆ ಬೇಕಿತ್ತು.

ಹಣದ ಲೆಕ್ಕವನ್ನಷ್ಟೇ ಇಡುವುದರಲ್ಲಿ ದೇಶದ ಜಿಡಿಪಿ ಈ ಪಟ್ಟಿಯ ದೊಡ್ಡಣ್ಣ. ಅಂಥ ಲೆಕ್ಕಕ್ಕೆ ಅಡಿಪಾಯ ಹಾಕಿದ ಸೈಮನ್ ಕುಜ್ನೆಟ್ಸ್ 1934ರಲ್ಲೇ, ರಾಷ್ಟ್ರದ ವರಮಾನ ನೋಡಿ ಜನರ ಕ್ಷೇಮ ಹೇಳಲಾಗದು ಎಂದು ಅಮೆರಿಕದ ಸಂಸತ್ತಿಗೆ ಬರೆದುಕೊಟ್ಟಿದ್ದರು. ಆ ಎಚ್ಚರಿಕೆಯನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಜಗತ್ತು ಇಟ್ಟುಕೊಂಡಿತು.

ನಮ್ಮ ನೀರನ್ನೇ ನೋಡಿ. ಪ್ಲೇಟಿಂಗ್ ಘಟಕಗಳ ಕ್ರೋಮಿಯಂ ಇಲ್ಲಿನ ಅಂತರ್ಜಲಕ್ಕೆ ಸೇರಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಬಾವಿಯಿಂದ ಸೇದಿ ಕುಡಿದಷ್ಟು ಕಾಲ ಜಿಡಿಪಿಗೆ ಚಿಕ್ಕಾಸೂ ಸೇರಲಿಲ್ಲ. ನೀರು ಕೆಟ್ಟಿತು, ಕ್ಯಾನು ಬಂತು, ಟ್ಯಾಂಕರ್ ಬಂತು, ಫಿಲ್ಟರ್ ಬಂತು, ಡಾಕ್ಟರ ಫೀಸೂ ಬಂತು. ಎಲ್ಲವೂ ಜಮಾ ಕಡೆಗೆ! ಗಾಳಿ, ನೀರು, ನೆಲ ಮೂರನ್ನೂ ತೂಗುವ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂಚ್ಯಂಕ 2009ರಿಂದ ಇದೆ. 2018ರಲ್ಲಿ ಅದು ಪೀಣ್ಯವನ್ನು ಅತಿ ಮಲಿನ ಪ್ರದೇಶಗಳ ಸಾಲಿಗೆ ಸೇರಿಸಿತು. ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ನಮ್ಮದೂ ಒಂದು ಎಂಬ ಮಾತು ಎಲ್ಲರ ಬಾಯಲ್ಲಿದೆ. ಈ ಸಾಲಿನ ಸುದ್ದಿ ಯಾರ ಬಾಯಲ್ಲೂ ಇಲ್ಲ.

ಬದುಕನ್ನು ಅಳೆಯಲು ಕರ್ನಾಟಕಕ್ಕೆ ಬರುವುದಿಲ್ಲವೆಂದಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕ ಹಿಡಿದು 175 ತಾಲ್ಲೂಕುಗಳನ್ನು ತೂಗಿ, 114 ಹಿಂದುಳಿದಿವೆ ಎಂದು 2002ರಲ್ಲಿ ವರದಿ ಕೊಟ್ಟಿತು. ಉತ್ತರ ಕರ್ನಾಟಕದವರು ಇಂದಿಗೂ ಆ ಪಟ್ಟಿ ಹಿಡಿದೇ ಸರ್ಕಾರವನ್ನು ಕೇಳುತ್ತಾರೆ. ಅಂಥ ತಾಲ್ಲೂಕುಗಳಿಂದ ಕೆಲಸ ಹುಡುಕಿ ಪೀಣ್ಯಕ್ಕೆ ಬಂದವರು ನಮ್ಮ ನಡುವೆಯೇ ಇದ್ದಾರೆ. ಅವರ ಊರಿಗೆ ಸಿಕ್ಕ ಲೆಕ್ಕ ಇಲ್ಲಿ ಅವರ ಬದುಕಿಗೆ ಸಿಕ್ಕಿಲ್ಲ.

ಅದಕ್ಕೇ ಕೇಳಿಕೊಳ್ಳುತ್ತೇನೆ. ಯೂನಿಯನ್ ಸಭೆಯಲ್ಲಿ, ಮಾಲೀಕರ ಸಂಘದಲ್ಲಿ, ವೋಟು ಕೇಳಲು ಬಂದವರ ಮುಂದೆ ಇದನ್ನೇ ಎತ್ತಿ: ಈ ವರ್ಷ ಯಾವ ಬೋರ್‌ವೆಲ್‌ನಲ್ಲಿ ಕ್ರೋಮಿಯಂ ಎಷ್ಟು? ಎಷ್ಟು ಬೆರಳು ಹೋದವು? ಹತ್ತು ವರ್ಷದ ಹಿಂದೆ ಕೆಲಸಕ್ಕೆ ಸೇರಿದವರಲ್ಲಿ ಎಷ್ಟು ಜನ ಗಟ್ಟಿಮುಟ್ಟಾಗಿದ್ದಾರೆ?

ಸಣ್ಣ ಶೆಡ್ಡಿನ ಮಾಲೀಕರೇ, ಇದು ನಿಮ್ಮ ಮೇಲಿನ ದೂರಲ್ಲ. ಜಾಬ್‌ವರ್ಕ್ ರೇಟು ಜಗ್ಗುವ ದೊಡ್ಡ ಕಂಪನಿಯ ಮುಂದೆ, ಪ್ರೆಸ್ಸಿಗೆ ಗಾರ್ಡ್ ಹಾಕಿಸುವ ಖರ್ಚು ಕೇಳಲು ನಿಮಗೂ ಈ ಅಂಕಿಗಳೇ ಬೇಕು. ತಿಂಗಳ ಪ್ರೊಡಕ್ಷನ್ ಬರೆಯುವ ಬೋರ್ಡು ನಿಮ್ಮಲ್ಲಿ ಹೇಗೂ ಇರುತ್ತದೆ. ಅದರ ಕೆಳಗೆ ಇನ್ನೆರಡು ಸಾಲಿಗೆ ಜಾಗ ಬಿಡಿ.